ನಂಜುಂಡಾರಾಧ್ಯರ ಪುಟ

ಒಂದು ವಿಶ್ವವಿದ್ಯಾಲಯದ ಕೆಮಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ನಂಜುಂಡಾರಾಧ್ಯ ಎಂಬ ಗುರುಗಳಿದ್ದರು. ಗುರುಗಳೆಂದರೆ ಜಡೆ, ಕಮಂಡಲು ಇದ್ದವರಲ್ಲ. ಮೊಣಕೈವರೆಗೆ ಮಡಿಸಿದ ಅಂಗಿ, ಜೇಬಿನಲ್ಲಿ ಒಂದು ಪೆನ್ನು, ಅಷ್ಟೇ.

ಅವರ ಶಿಷ್ಯೆ ಶಕೀಲಾ. ಅವರ ಬಳಿ ಕಲಿತು ಈಗ ಅದೇ ವಿಭಾಗದಲ್ಲಿ ಅಧ್ಯಾಪಕಿ. ಆದರೂ ಅವರೆದುರು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಭಯದಿಂದಲ್ಲ, ಪ್ರೀತಿಯಿಂದ.

ಗುರುಗಳಿಗೆ ಆ ತಿಂಗಳ ಕೊನೆಗೆ ನಿವೃತ್ತಿ. ಅಷ್ಟರಲ್ಲಿ ಅಧ್ಯಾಪಕರ ಪರಿಣತಿ ಮತ್ತು ಸಾಧನೆಗಳ ಪುಸ್ತಕ ಮಾಡುವ ಕೆಲಸ ಶಕೀಲಾಳ ಪಾಲಿಗೆ ಬಂತು. ಒಬ್ಬೊಬ್ಬರಿಗೆ ಒಂದು ಪುಟ. ಮರುದಿನ ಪರಿಶೀಲನಾ ಸಮಿತಿ ಬಂದು ಅದನ್ನು ನೋಡುವುದಿತ್ತು.

ಒಬ್ಬರಿಗೆ ಮೂರು ಪೇಟೆಂಟ್. ಇನ್ನೊಬ್ಬರಿಗೆ ಅರವತ್ತು ಪ್ರಬಂಧ. ಗುರುಗಳ ಪುಟದಲ್ಲಿ ಹೆಸರು, ಕೆಲಸಕ್ಕೆ ಸೇರಿದ ವರ್ಷ, ಕೆಳಗೆ ಬಿಳಿ ಕಾಗದ.

ಹೊರಗಿನವರು ಅದನ್ನು ನೋಡಿ ನಕ್ಕರೆ? ಶಕೀಲಾಗೆ ತಡೆಯಲಾಗಲಿಲ್ಲ. ತಾನು ಬರೆದ ಎರಡು ಪ್ರಬಂಧಗಳನ್ನು ಗುರುಗಳ ಹೆಸರಿಗೆ ಬರೆದು, ಸಹಿಗೆಂದು ಪ್ರಯೋಗಾಲಯಕ್ಕೆ ಒಯ್ದಳು.

ಗುರುಗಳು ಕನ್ನಡಕ ಏರಿಸಿ ಓದಿದರು.

“ಇವನ್ನು ನಾನು ಬರೆದೆನಾ?”

“ಹೂಂ ಸರ್. ಅಂದರೆ... ನೀವು ಕಲಿಸಿದ್ದರಿಂದಲೇ ತಾನೇ ನಾನು ಬರೆದದ್ದು.”

“ಬರೆಯೋದಿರಲಿ, ನಾನು ಓದಿಯೂ ಇಲ್ಲವಲ್ಲಮ್ಮಾ!”

ಪೆನ್ನು ತೆಗೆದು ಎರಡನ್ನೂ ಹೊಡೆದು ಹಾಕಿದರು.

“ಸರ್, ಪುಟ ಖಾಲಿ ಹೋಗುತ್ತೆ. ಮೂವತ್ತೊಂದು ವರ್ಷ ಏನು ಮಾಡಿದರು ಅಂತ ಕೇಳ್ತಾರೆ. ಏನು ಹೇಳಲಿ?”

“ಅದು ಆಮೇಲೆ. ಸ್ಪಿರಿಟ್ ಬಟ್ಟಿ ಇಳಿಸೋದಿದೆ. ಹೀಟರ್ ಹಾಕು.”

ಇಲ್ಲಿ ಸ್ವಲ್ಪ ವಿವರಿಸಬೇಕು. ಸ್ಪಿರಿಟ್ಟನ್ನು ಕಾಯಿಸಿದರೆ ಆವಿಯಾಗುತ್ತದೆ. ಆ ಆವಿ ಒಂದು ಗಾಜಿನ ನಳಿಗೆಯೊಳಗೆ ಹಾಯುತ್ತದೆ. ನಳಿಗೆಯ ಸುತ್ತ ತಣ್ಣೀರು ಹರಿಯುತ್ತಿರುವುದರಿಂದ ಆವಿ ತಂಪಾಗಿ ಮತ್ತೆ ಹನಿಯಾಗುತ್ತದೆ. ನೀರು ನಿಂತರೆ ಆವಿ ಹೊರಗೆ ಬರುತ್ತದೆ. ಒಂದು ಕಿಡಿ ಸಾಕು, ಕೋಣೆಯೇ ಹೊತ್ತಿಕೊಳ್ಳುತ್ತದೆ.

ಅದಕ್ಕೇ ಗುರುಗಳ ಪ್ರಯೋಗಾಲಯದಲ್ಲಿ ಒಂದು ಪದ್ಧತಿ. ಹೀಟರ್ ಉರಿಯುವಷ್ಟು ಹೊತ್ತೂ ಒಂದು ಕೈ ನೀರಿನ ರಬ್ಬರ್ ಕೊಳವೆಯ ಮೇಲಿರಬೇಕು. ನೀರು ಹರಿಯುವುದು ಬೆರಳಿಗೆ ತಿಳಿಯುತ್ತದೆ. ಹುಡುಗರು ಗುರುಗಳ ಬೆನ್ನ ಹಿಂದೆ ‘ನಾಡಿ ಪಂಡಿತರು’ ಎಂದು ನಗುತ್ತಿದ್ದರು. ಓದುವ ಕಾಲದಲ್ಲಿ ಶಕೀಲಾಳೂ ನಕ್ಕವಳೇ.

ಅವಳು ನೀರು ಬಿಟ್ಟು, ಹೀಟರ್ ಹಾಕಿ, ಕೊಳವೆಯ ಮೇಲೆ ಕೈಯಿಟ್ಟು ನಿಂತಳು. ಮನಸ್ಸೆಲ್ಲ ಆ ಪುಟದ ಮೇಲೆ.

“ಒಂದಾದರೂ ಹೇಳಿ ಸರ್. ಯಾವುದಾದರೂ ಪ್ರಶಸ್ತಿ?”

“ಒಮ್ಮೆ ಕೇರಂನಲ್ಲಿ ಎರಡನೇ ಬಹುಮಾನ ಬಂದಿತ್ತು.”

“ತಮಾಷೆ ಬೇಡಿ ಸರ್.”

“ತಮಾಷೆ ಅಲ್ಲಮ್ಮಾ. ಲೋಟ ಕೊಟ್ಟಿದ್ದರು, ಇನ್ನೂ ಇದೆ.”

ಹೀಗನ್ನುತ್ತಾ ಗುರುಗಳು ಹಿಂದಿನ ಗೋಡೆಯ ಬಳಿಗೆ ನಡೆದರು. ಶಕೀಲಾ ತಿರುಗಿ ನೋಡಲಿಲ್ಲ.

“ನಗೋರು ನನ್ನನ್ನು ನೋಡಿ ನಗಲಿ ಸರ್. ನಿಮ್ಮನ್ನು ನೋಡಿ ಯಾರಾದರೂ ನಕ್ಕರೆ ನನಗೆ...”

ಮಾತು ಮುಗಿಯಲಿಲ್ಲ. ಅವಳ ಬಲಗೈ ಹೀಟರ್ ಆರಿಸಿಬಿಟ್ಟಿತ್ತು. ಯಾಕೆ ಎಂದು ಅವಳಿಗೆ ಹೊಳೆದದ್ದು ಆಮೇಲೆ. ಎಡಗೈಯ ಕೆಳಗೆ ಕೊಳವೆ ಸುಮ್ಮನಾಗಿತ್ತು.

“ಸರ್, ನೀರು ನಿಂತಿದೆ!” ಎಂದು ತಿರುಗಿದಳು.

ಗುರುಗಳ ಒಂದು ಕೈ ನೀರಿನ ನಲ್ಲಿಯ ಮೇಲಿತ್ತು. ಅದನ್ನು ತಿರುಗಿಸಿ ನಿಲ್ಲಿಸಿದವರು ಅವರೇ. ಇನ್ನೊಂದು ಕೈ ಕೋಣೆಯ ಮೇನ್ ಸ್ವಿಚ್ಚಿನ ಮೇಲಿತ್ತು. ಶಿಷ್ಯೆ ಮರೆತರೆ ತಾವು ಆರಿಸಬೇಕಲ್ಲ, ಅದಕ್ಕೆ.

ಹೀಟರಿನ ಕೆಂಪು ಮೆಲ್ಲನೆ ಇಳಿಯಿತು. ಇಬ್ಬರೂ ನೋಡುತ್ತಾ ನಿಂತರು.

“ಏನಾಯ್ತಮ್ಮಾ?”

“ಏನೂ ಆಗಲಿಲ್ಲ ಸರ್.”

ಗುರುಗಳು ಜೇಬಿನ ಪೆನ್ನು ತೆಗೆದು ಅವಳ ಕೈಗಿಟ್ಟರು.

“ಹಾಗಾದರೆ ಅದನ್ನೇ ಬರಿ. ಮೂವತ್ತೊಂದು ವರ್ಷ, ಏನೂ ಆಗಲಿಲ್ಲ.”