ಕಾಯಿಲೆಯಿಲ್ಲದ ಕೋಳಿಗಳು

"ಗುರುಗಳೇ, ಹನ್ನೆರಡು ವರ್ಷದಿಂದ ದಿನವೂ ಬೆಳಗ್ಗೆ ಎದ್ದು ನನ್ನ ಮನಸ್ಸನ್ನು ನಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದೇನೆ. ಈಗ ಹುಡುಕಿದರೂ ಅಲ್ಲಿ ಸಿಟ್ಟು ಸಿಗುವುದಿಲ್ಲ. ಇನ್ನು ನಾನು ಹೊರಗೆ ಹೋಗಿ ನಾಲ್ಕು ಜನರಿಗೆ ಹೇಳಿಕೊಡಬಹುದೇ?" ಎಂದು ಸೋಮಶೇಖರ ಕೇಳಿದ.

ಅವನು ಆಶ್ರಮದ ಹಿರಿಯ ಶಿಷ್ಯ. ಈ ಪ್ರಶ್ನೆಯನ್ನು ಆರು ತಿಂಗಳಿಂದ ನಾಲಗೆಯ ತುದಿಯಲ್ಲೇ ಇಟ್ಟುಕೊಂಡು ತಿರುಗಿದ್ದ. ಪಕ್ಕದ ಊರಿನವರು ಅವನಿಗಾಗಿ ಜಾಗವನ್ನೂ ನೋಡಿಟ್ಟಿದ್ದರು. ಗುರುಗಳು ಹೂಂ ಎಂದರೆ ಹೊರಡುವುದೊಂದೇ ಬಾಕಿ.

ಗುರುಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. "ಕೂತುಕೋ. ಕೋಳಿ ಸಾಕಿದವನೊಬ್ಬನ ಕತೆ ಹೇಳುತ್ತೇನೆ" ಎಂದರು.

ಸೋಮಶೇಖರನಿಗೆ ಸ್ವಲ್ಪ ಬೇಸರವಾಯಿತು. ಇಷ್ಟು ದೊಡ್ಡ ಪ್ರಶ್ನೆಗೆ ಆನೆಯನ್ನೋ ಹಂಸವನ್ನೋ ತರಬಹುದಿತ್ತು. ಆದರೂ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ರೈತನಿದ್ದ. ಮೊಟ್ಟೆಗಾಗಿ ಸಾವಿರ ಕೋಳಿ ಸಾಕಿದ್ದ. ಬೆಳಗಾದರೆ ಷೆಡ್ಡಿಗೆ ಹೋಗಿ ಒಂದೊಂದು ಮೂಲೆಯನ್ನೂ ನೋಡುವನು. ಜುಟ್ಟು ಕೆಂಪಗಿದೆಯೇ, ಕಣ್ಣು ಚುರುಕಾಗಿದೆಯೇ, ಹಾಕಿದ ಕಾಳು ತಿಂದಿವೆಯೇ ಎಂದು ನೋಡಿಯೇ ಅವನು ಕಾಫಿ ಕುಡಿಯುತ್ತಿದ್ದುದು. ವರ್ಷದಿಂದ ಒಂದು ಕೋಳಿಯೂ ಸತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವನ ಕೋಳಿಗಳು ನಿಜಕ್ಕೂ ಚೆನ್ನಾಗಿದ್ದವು, ಅದೇ ತೊಂದರೆಯಾಯಿತು. ಕಾಳಿನ ಕೋಣೆಯಲ್ಲಿ ಇಲಿಯ ಹಿಕ್ಕೆ ಕಂಡರೆ ಗುಡಿಸಿ ಎಸೆದು, "ಇಲಿ ಇಲ್ಲದ ಮನೆ ಯಾವುದಿದೆ?" ಎನ್ನುತ್ತಿದ್ದ.

ಊರಿನಲ್ಲಿ ಒಂದು ಗರಡಿಮನೆ ಇತ್ತು. ರೈತ ಸಾಕಿ ಬೆಳೆಸಿದ ಸೋದರಳಿಯ ಅಲ್ಲಿ ಕುಸ್ತಿ ಕಲಿಯುತ್ತಿದ್ದ. ಹಾಗಾಗಿ ದಿನವೂ ಒಂದು ಬುಟ್ಟಿ ಮೊಟ್ಟೆ ರೈತನ ಮನೆಯಿಂದ ಗರಡಿಗೆ ಹೋಗುತ್ತಿತ್ತು. ಸಾಮು ಮುಗಿಸಿದ ಹುಡುಗರು ಹಾಲಿಗೆ ಹಸಿ ಮೊಟ್ಟೆ ಒಡೆದು ಹಾಕಿಕೊಂಡು ಕುಡಿಯುತ್ತಿದ್ದರು. ಅದು ಅಲ್ಲಿಯ ಹಳೆಯ ರೂಢಿ.

ಒಂದು ದಿನ ಗರಡಿಯ ನಾಲ್ಕು ಹುಡುಗರಿಗೆ ವಾಂತಿ, ಭೇದಿ, ಜ್ವರ. ಗರಡಿಯಲ್ಲಿ ಅವರ ಹೊಟ್ಟೆಗೆ ಹೋದದ್ದು ಎರಡೇ, ಹಾಲು ಮತ್ತು ಮೊಟ್ಟೆ. ಗರಡಿಯ ಉಸ್ತಾದರು ರೈತನಿಗೆ ಹೇಳಿಕಳಿಸಿದರು. ರೈತ ಹುಡುಗರನ್ನು ನೋಡಲು ಹೋಗಲಿಲ್ಲ. ನೆಟ್ಟಗೆ ಷೆಡ್ಡಿಗೆ ಹೋಗಿ ಕೋಳಿಗಳನ್ನು ನೋಡಿದ. ಎಲ್ಲವೂ ಚೆನ್ನಾಗಿದ್ದವು. "ನನ್ನ ಕೋಳಿಗೇನೂ ಆಗಿಲ್ಲ, ಹಾಲನ್ನು ನೋಡಿಕೊಳ್ಳಿ" ಎಂದು ಹೇಳಿ ಕಳಿಸಿದ.

ಹಾಲು ಕೊಡುತ್ತಿದ್ದವನು ಎರಡು ಎಮ್ಮೆ ಕಟ್ಟಿಕೊಂಡು ಬದುಕುತ್ತಿದ್ದ ಬಡವ. ಕ್ಯಾನನ್ನು ದಿನವೂ ಬಿಸಿನೀರಿನಲ್ಲಿ ತೊಳೆಯುತ್ತೇನೆ ಎಂದು ಅತ್ತು ಹೇಳಿದ. ಯಾರೂ ಕೇಳಲಿಲ್ಲ. ಗರಡಿಯವರು ಬಿಟ್ಟ ಹಾಲನ್ನು ಊರಿನವರೂ ಬಿಟ್ಟರು. ಅನ್ಯಾಯವೆನ್ನುವುದು ಹೀಗೆಯೇ, ಒಬ್ಬನು ಖಚಿತವಾಗಿ ಮಾತಾಡಿದರೆ ಸಾಕು, ಉಳಿದವರು ತಲೆಯಾಡಿಸುತ್ತಾರೆ.

ಬೇರೆ ಹಾಲು ಬಂತು. ಮೊಟ್ಟೆ ಅದೇ ಬುಟ್ಟಿಯಲ್ಲಿ ಬಂತು. ತಿಂಗಳು ಕಳೆಯುವುದರೊಳಗೆ ಮತ್ತೆ ಆರು ಜನ ಮಲಗಿದರು. ಈ ಸಲ ರೈತನ ಅಳಿಯನೂ ಮಲಗಿದ. ಮೂರನೆಯ ದಿನ ಅವನಿಗೆ ಮಾತು ತೊದಲಿತು. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತ ರೈತನಿಗೆ ಜೀವವೇ ಬಾಯಿಗೆ ಬಂದಿತ್ತು. ತನ್ನ ಕೈಯಾರೆ ಅನ್ನ ತಿನ್ನಿಸಿ ದೊಡ್ಡದು ಮಾಡಿದ ಹುಡುಗ ಅದು.

ಆಸ್ಪತ್ರೆಯವರು ಹೇಳಿದ ಮೇಲೆ ಪಶುವೈದ್ಯರು ಷೆಡ್ಡಿಗೆ ಬಂದರು. ಕೋಳಿಯ ಹಿಕ್ಕೆ, ಇಲಿಯ ಹಿಕ್ಕೆ, ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟು, ಒಂದಷ್ಟು ಮೊಟ್ಟೆ, ಎಲ್ಲವನ್ನೂ ಪರೀಕ್ಷೆಗೆ ಒಯ್ದರು. ವಾರ ಕಳೆದು ಬಂದು, ರೋಗಾಣು ಕೋಳಿಗಳಲ್ಲೇ ಇದೆ, ಇಲಿಗಳಿಂದ ಬಂದಿರಬೇಕು ಎಂದರು.

"ಸುಮ್ನೆ ಏನೇನೋ ಹೇಳ್ಬೇಡಿ ಡಾಕ್ಟ್ರೇ. ಸಾವಿರ ಕೋಳಿ ಇದಾವೆ, ಒಂದು ತೂಕಡಿಸ್ತಿದ್ರೆ ತೋರಿಸಿ. ನಮ್ಮನೇಲೂ ಇದೇ ಮೊಟ್ಟೆ ತಿಂತೀವಿ, ಯಾರಿಗೇನಾಗಿದೆ?" ಎಂದ ರೈತ.

"ನೀವು ಬೇಯಿಸಿ ತಿಂತೀರಿ, ಚೆನ್ನಾಗಿ ಬೆಂದ್ರೆ ಅದು ಸಾಯುತ್ತೆ. ಆ ಹುಡುಗ್ರು ಹಸೀದು ಕುಡೀತಾರೆ. ಈ ರೋಗಾಣು ಕೋಳಿಗೆ ಏನೂ ಮಾಡಲ್ಲ ಕಣ್ರೀ. ಅದರ ಹೊಟ್ಟೇಲಿ ತೆಪ್ಪಗಿರುತ್ತೆ. ಎಲ್ಲೋ ಒಂದೆರಡು ಮೊಟ್ಟೆ ಒಳಗೆ ಸೇರ್ಕೊಂಡು ಹೊರಗೆ ಬರುತ್ತೆ."

"ಹಾಗಾದ್ರೆ ನನಗೆ ಹೇಗೆ ಗೊತ್ತಾಗ್ಬೇಕಿತ್ತು?"

"ಕೋಳೀನ ಎಷ್ಟು ನೋಡಿದ್ರೂ ಗೊತ್ತಾಗಲ್ಲ. ಹಿಕ್ಕೆ ಪರೀಕ್ಷೆ ಮಾಡಿಸ್ಬೇಕಿತ್ತು. ಅದಿಲ್ಲದಿದ್ರೆ, ಮೊದಲನೇ ಸಲ ಹುಡುಗ್ರು ಮಲಗಿದಾಗ ಅವರ ಹತ್ರ ಹೋಗಿ ಕೂರ್ಬೇಕಿತ್ತು."

ರೈತ ಆ ಕೋಳಿಗಳನ್ನೆಲ್ಲ ವೈದ್ಯರು ಹೇಳಿದಂತೆ ತೆಗೆಸಿದ. ಹೊಟ್ಟು ಹೊರಗೆ ಹಾಕಿಸಿ, ಷೆಡ್ಡು ತೊಳೆಸಿ, ಔಷಧಿ ಹೊಡೆಸಿ, ಬಹಳ ದಿನ ಖಾಲಿ ಬಿಟ್ಟ. ಇಲಿಯ ಬಿಲ ಮುಚ್ಚಿಸಿ ಕಾಳಿನ ಕೋಣೆಗೆ ತಗಡು ಬಡಿಸಿದ. ಆಮೇಲೆ ಪರೀಕ್ಷೆಯಾದ ಮರಿಗಳನ್ನು ತಂದು, ಲಸಿಕೆ ಹಾಕಿಸಿ ಸಾಕಿದ. ಹೊಸ ಕೋಳಿಗಳೂ ನೋಡಲು ಹಳೆಯವುಗಳಂತೆಯೇ ಇದ್ದವು. ರೈತ ಈಗ ಅವುಗಳ ಜುಟ್ಟನ್ನು ನಂಬುತ್ತಿರಲಿಲ್ಲ. ಹೊತ್ತು ಹೊತ್ತಿಗೆ ಹಿಕ್ಕೆಯನ್ನು ಪರೀಕ್ಷೆಗೆ ಕಳಿಸುತ್ತಿದ್ದ. ಮೊಟ್ಟೆ ಒಯ್ಯುವವರಿಗೆಲ್ಲ ಬೇಯಿಸಿಯೇ ತಿನ್ನಿ ಎಂದು ಕೈಮುಗಿದು ಹೇಳುತ್ತಿದ್ದ.

ಅಳಿಯ ಬದುಕಿದ. ಆದರೆ ಆ ವರ್ಷ ಅಖಾಡಕ್ಕೆ ಇಳಿಯಲಿಲ್ಲ. ಅವನು ಎದ್ದು ಓಡಾಡಿದ ದಿನ ರೈತ ಹಾಲಿನವನ ಮನೆಗೆ ತಪ್ಪೊಪ್ಪಿಕೊಳ್ಳಲು ಹೋದ. ಬಾಗಿಲಿಗೆ ಬೀಗ ಹಾಕಿತ್ತು. ಹಾಲಿನವನು ಎಮ್ಮೆ ಮಾರಿ ಊರು ಬಿಟ್ಟು ಹೋಗಿದ್ದ. ಎಲ್ಲಿಗೆ ಎಂದು ನೆರೆಯವರಿಗೂ ತಿಳಿದಿರಲಿಲ್ಲ. ರೈತ ಆ ಜಗಲಿಯ ಮೇಲೆ ಬಹಳ ಹೊತ್ತು ಕೂತಿದ್ದು ಮನೆಗೆ ಬಂದ.

ಗುರುಗಳು ಕತೆ ನಿಲ್ಲಿಸಿದರು.

ಸೋಮಶೇಖರನಿಗೆ ರೈತನ ಮೇಲೆ ಕನಿಕರ ಬಂತು, ತನ್ನ ಮೇಲೆ ಸಮಾಧಾನವೂ ಬಂತು. "ತಿಳಿಯಿತು ಗುರುಗಳೇ. ರೈತ ಹೊರಗಿನದನ್ನಷ್ಟೇ ನೋಡಿ ಕೆಟ್ಟ. ನಾನು ಮೊದಲಿನಿಂದಲೂ ಒಳಗೇ ನೋಡಿಕೊಂಡು ಬಂದಿದ್ದೇನೆ" ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: "ನಿನ್ನ ಜೊತೆ ಒಂದೇ ಕೋಣೆಯಲ್ಲಿ ಇರಲಾರೆವು ಎಂದು ಮೂವರು ಆಶ್ರಮ ಬಿಟ್ಟು ಹೋದರಲ್ಲ, ಅವರಲ್ಲಿ ಒಬ್ಬರನ್ನಾದರೂ ಹೋಗಿ ಏಕೆಂದು ಕೇಳಿದೆಯಾ?"