ಆರನೆಯ ಸಿ.ಡಿ.

ಕಂಟ್ರಾಕ್ಟರ್ ತೋಂಟದಪ್ಪನವರು ಮನೆಮಂದಿಯೆಲ್ಲ ಹಿಡಿಸುವ ತಮ್ಮ ದೊಡ್ಡ ಕಾರಿಗೆ ಸಿ.ಡಿ. ಚೇಂಜರ್ ಹಾಕಿಸಿದರು. ಡಿಕ್ಕಿಯ ಪೆಟ್ಟಿಗೆಯಲ್ಲಿ ಆರು ಸಿ.ಡಿ. ತುಂಬಿಟ್ಟು, ಮುಂದೆ ಕೂತು ಗುಂಡಿ ಒತ್ತಿದರೆ ಸಾಕು.

"ಆರರಲ್ಲೂ ನಾನು ಹಾಡಿದ ಭಜನೆಗಳೇ ಇರಬೇಕು," ಎಂದು ಅಪ್ಪಣೆ ಮಾಡಿದರು. ಮನೆಯವರ ಮುಖ ಬಾಡಿತು. ನಾಳೆ ಎಲ್ಲರೂ ಹೊರಟು ಮೈಸೂರು ತಲುಪುವವರೆಗೂ ಆ ಗಂಟಲು ಕೇಳಬೇಕಲ್ಲ!

ಸೊಸೆ ಶಾಂಭವಿ ಮಾತ್ರ ನಕ್ಕಳು. "ಒಂದರಲ್ಲಾದರೂ ಬೇರೆಯವರು ಹಾಡಲಿ ಮಾವ. ಹೋಲಿಸೋಕೆ ಯಾರೂ ಇಲ್ಲದಿದ್ದರೆ ನೀವೇ ದೊಡ್ಡ ಗಾಯಕರು ಅಂತ ಗೊತ್ತಾಗೋದು ಹೇಗೆ?"

ಮಾವ ಉಬ್ಬಿಹೋದರು. "ಹೌದಲ್ಲ! ಹಾಕಮ್ಮ."

ದಾರಿಯಲ್ಲಿ ತಮ್ಮ ಭಜನೆಗಳೆಲ್ಲ ಮುಗಿದ ಮೇಲೆ ಗತ್ತಿನಿಂದ ಆರನೆಯ ಗುಂಡಿ ಒತ್ತಿದರು. ಹೆಂಗಸೊಬ್ಬರ ಲಾಲಿಹಾಡು ತೇಲಿಬಂತು. ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ, ನಡುವೆ ಕುಕ್ಕರ್ ಬೇರೆ ಕೂಗಿತು. ಆದರೂ ತೋಂಟದಪ್ಪನವರ ಮೈ ಜುಮ್ಮೆಂದಿತು. ಕಾರನ್ನು ರಸ್ತೆ ಬದಿಗೆ ಹಾಕಿ, ಹಾಡು ಮುಗಿಯುವವರೆಗೂ ಉಸಿರು ಬಿಗಿಹಿಡಿದು ಕೂತರು.

"ಎಂಥಾ ಕಂಠ! ಯಾರಮ್ಮ ಈ ಮಹಾತಾಯಿ? ಎಲ್ಲಿರ್ತಾರೆ?"

"ಹಿಂದಿನ ಸೀಟಲ್ಲಿ, ಮಾವ."

ಕನ್ನಡಿಯಲ್ಲಿ ನೋಡಿದರು. ಹೆಂಡತಿ ಗಿರಿಜಮ್ಮ ತಮ್ಮದೇ ದನಿಗೆ ಬೆಚ್ಚಿ, ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

"ಇವಳು... ಮನೇಲಿ ಹಾಡ್ತಾಳಾ?"

"ದಿನಾ ಹಾಡ್ತಾರೆ ಮಾವ. ನೀವು ಹಾಡೋದು ನಿಲ್ಲಿಸಿದ ಮೇಲೆ."

ತೋಂಟದಪ್ಪನವರು ಆರನೆಯ ಗುಂಡಿಯನ್ನೇ ಇನ್ನೊಮ್ಮೆ ಒತ್ತಿದರು.