ಪಾಚಿಗಲ್ಲಿನ ಪಾಲು

ಬತ್ತುತ್ತಿದ್ದ ಹೊಂಡದಲ್ಲಿ ಪಾಚಿ ಹಿಡಿದ ಕಲ್ಲು ಒಂದೇ ಉಳಿದಿತ್ತು. ಗೊದಮೊಟ್ಟೆಗಳೂ ಎರಡೇ, ಅಣ್ಣ ಮತ್ತು ತಮ್ಮ. ಅಣ್ಣ ಒಂದು ಬಾಯಿ ಮೇಯುವಷ್ಟರಲ್ಲಿ ತಮ್ಮ ಎರಡು ಬಾಯಿ ಮೇಯುತ್ತಿದ್ದ. ಅದನ್ನು ಕಂಡು ಅಣ್ಣನಿಗೆ ಹೊಟ್ಟೆ ಉರಿಯುತ್ತಿತ್ತು.

“ಇವನೊಬ್ಬ ಇಲ್ಲದಿದ್ದರೆ ಪಾಚಿಯೆಲ್ಲ ನನ್ನದೇ. ನೀರು ಬತ್ತುವುದರೊಳಗೆ ಕಾಲು ಮೂಡಿ ದಡ ಸೇರುತ್ತಿದ್ದೆ,” ಎಂದು ಗೊಣಗಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಕಲ್ಲಿನ ಸಂದಿಯಿಂದ ಏಡಿಯ ಇಕ್ಕಳದಂಥ ಕೈ ಹೊರಗೆ ಬಂತು. ತಮ್ಮ ಇಲ್ಲವಾದ. ಅಣ್ಣ ಕೆಸರಿಗೆ ಅಂಟಿಕೊಂಡು ಎರಡು ದಿನ ಮಿಸುಕಾಡಲಿಲ್ಲ. ಮೂರನೆಯ ದಿನ ಹಸಿವು ತಡೆಯದೆ ದೂರದಿಂದಲೇ ಕೇಳಿದ:

“ಏಡಿಮಾವ, ನಿನ್ನ ಹೊಟ್ಟೆ ತುಂಬಿತಲ್ಲ. ಇನ್ನು ನಾನು ಮೇಯಬಹುದೇ?”

“ಧಾರಾಳವಾಗಿ ಮೇಯಪ್ಪ, ಬೇಡವೆಂದವರು ಯಾರು?” ಎಂದಿತು ಏಡಿ. “ಮೊದಲು ಕಣ್ಣೆದುರು ಎರಡು ಬಾಲ ಅಲ್ಲಾಡುತ್ತಿದ್ದವು. ಯಾವುದನ್ನು ಹಿಡಿಯಲಿ ಎಂದು ಯೋಚಿಸುವಷ್ಟರಲ್ಲಿ ಎರಡೂ ತಪ್ಪಿಸಿಕೊಳ್ಳುತ್ತಿದ್ದವು. ಈಗ ನನಗೆ ಆ ಗೊಂದಲವಿಲ್ಲ.”

ಅಣ್ಣ ಮತ್ತೆ ಕೆಸರಿಗಿಳಿದ. ನೀರು ದಿನದಿಂದ ದಿನಕ್ಕೆ ಇಳಿಯಿತು, ಕಲ್ಲಿನ ಮೇಲೆ ಪಾಚಿ ದಟ್ಟವಾಯಿತು. ತಮ್ಮನಿದ್ದಾಗ ಅರೆಹೊಟ್ಟೆಯಾದರೂ ತುಂಬುತ್ತಿತ್ತು. ಈಗ ಇಡೀ ಕಲ್ಲು ಅವನದೇ, ಆದರೆ ಒಂದು ಬಾಯಿಯೂ ದಕ್ಕಲಿಲ್ಲ.